‘ೞ’ಕಾರದ ತಪ್ಪು ಹೆಸರು: ತಂತ್ರಾಂಶದ ನಾಮಕರಣವೂ ಪ್ರತಿಪರಂಪರೆಯೂ

ಹಳಗನ್ನಡದ ‘ೞ’ ಅಕ್ಷರಕ್ಕೆ ಗಣಕಲೋಕದಲ್ಲಿ ಒಂದು ತಪ್ಪು ಹೆಸರು ಅಂಟಿಕೊಂಡಿದೆ. ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನೂ ಒಂದೊಂದು ಹೆಸರನ್ನೂ ನೀಡುವ ಯುನಿಕೋಡ್ ಪಟ್ಟಿಯಲ್ಲಿ ಇದರ ಅಧಿಕೃತ ನಾಮಧೇಯ ‘ಕನ್ನಡ ಲೆಟರ್ ಎಫ್‌ಎ’. ‘ಫ್ಯಾನು’, ‘ಫೀಸು’ ಎಂಬ ಪದಗಳ ಮೊದಲ ಧ್ವನಿಗೂ ಪಂಪ ರನ್ನರ ಕಾಲದ ‘ಮೞೆ’, ‘ಪೊೞಲ್’ಗಳಲ್ಲಿ ಕೇಳಿಬರುವ ಧ್ವನಿಗೂ ಯಾವ ಸಂಬಂಧವೂ ಇಲ್ಲ. ಪಟ್ಟಿ ಸಿದ್ಧವಾದಾಗ ಆದ ಪ್ರಮಾದವಿದು. ಪ್ರಮಾದವೆಂದು ಒಪ್ಪಿಕೊಂಡದ್ದೂ ಆಗಿದೆ. ಆದರೆ ತಿದ್ದಲು ಬರುವುದಿಲ್ಲ. 1996ರ 2.0 ಆವೃತ್ತಿಯಿಂದ ಈಚೆಗೆ, ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬುದು ಆ ವ್ಯವಸ್ಥೆಯ ಕಟ್ಟಳೆ. ಆದುದರಿಂದ ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’ ಎಂಬ ಇನ್ನೊಂದು ಹೆಸರನ್ನು ತಿದ್ದುಪಡಿಯ ರೂಪದಲ್ಲಿ ಪಕ್ಕಕ್ಕೆ ಸೇರಿಸಿ, ಮೊದಲಿನ ತಪ್ಪನ್ನು ಇದ್ದಲ್ಲೇ ಇರಗೊಡಲಾಗಿದೆ.

ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸುವ ವೇಳೆಗಾಗಲೇ ಈ ಅಕ್ಷರ ಬಳಕೆಯಿಂದ ಜಾರತೊಡಗಿತ್ತು. ‘ೞ’ ಬರುವ ಶಬ್ದಗಳನ್ನು ಆತ ಪ್ರತ್ಯೇಕವಾಗಿ ಎಣಿಸಿಕೊಟ್ಟಿರುವುದು ಆ ಗೊಂದಲಕ್ಕೆ ಕಟ್ಟಿದ ಒಡ್ಡಿನಂತೆ ತೋರುತ್ತದೆ. ‘ಅೞಿ’ ಎಂದರೆ ನಾಶವಾಗು, ‘ಅಳಿ’ ಎಂದರೆ ದುಂಬಿ. ಒಂದು ಅಕ್ಷರ ಇನ್ನೊಂದರೊಳಗೆ ಕರಗಿದಾಗ ಅರ್ಥವೂ ಕರಗುತ್ತದೆಂಬುದನ್ನು ಆ ವೈಯಾಕರಣ ಬಲ್ಲವನಾಗಿದ್ದ. ಅವನ ಆ ಎಚ್ಚರ ಇಂದು ಕನ್ನಡದ ಸಂಶೋಧಕರಿಗೆ ಇನ್ನೊಂದು ನೆಲೆಯಲ್ಲಿ ಬೇಕಾಗಿದೆ. ಹಸ್ತಪ್ರತಿಗಳನ್ನೂ ಹಳೆಯ ಮುದ್ರಣಗಳನ್ನೂ ಗಣಕಕ್ಕೆ ಇಳಿಸುವವರು ತಮ್ಮ ಅಗತ್ಯಕ್ಕೆ ತಕ್ಕಂತೆ ಫಾಂಟನ್ನೋ ಕೀಲಿಮಣೆಯ ವಿನ್ಯಾಸವನ್ನೋ ಪದಪಟ್ಟಿಯನ್ನೋ ಮಾಡಿಕೊಳ್ಳುತ್ತಾರೆ, ಸ್ನೇಹಿತರಿಗೆ ಹಂಚುತ್ತಾರೆ. ಹೀಗೆ ಮಾಡಿಕೊಂಡ ತಂತ್ರಾಂಶಕ್ಕೆ ಹೆಸರಿಡುವುದು ಮತ್ತು ಅದನ್ನು ಹಂಚುವುದು ಬರಿಯ ತಾಂತ್ರಿಕ ಕೆಲಸವಲ್ಲ. ಅದು ಪಾಠಸಂಪಾದನೆಯ ಭಾಗ. ಸಂಪಾದನೆಗೆ ಅನ್ವಯಿಸುವ ಶಿಸ್ತನ್ನು ಅದಕ್ಕೂ ಅನ್ವಯಿಸದೆ ಹೋದರೆ ಕೆಡುವುದು ಗಣಕವಲ್ಲ, ಪಾಠ.

ಇದನ್ನು ಪರಿಶೀಲಿಸಲು ಡೆಬಿಯನ್ ತಕ್ಕ ನಿದರ್ಶನ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಕಾರ್ಯಾಚರಣೆ ವ್ಯವಸ್ಥೆಯನ್ನು ಸ್ವಯಂಸೇವಕರೇ ನಡೆಸಿಕೊಂಡು ಬಂದಿದ್ದಾರೆ. ಅದರ ‘ಸ್ಟೇಬಲ್’ ಶಾಖೆ ಸಂಪ್ರದಾಯಶೀಲತೆಗೆ ಹೆಸರುವಾಸಿ. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಹೊರಬರುತ್ತದೆ. ಬಂದ ಮೇಲೆ ಸುರಕ್ಷತೆಯ ಲೋಪಗಳನ್ನೂ ಗಂಭೀರ ದೋಷಗಳನ್ನೂ ತಿದ್ದುವುದನ್ನುಳಿದು ಬೇರೆ ಬದಲಾವಣೆಗೆ ಅಲ್ಲಿ ಎಡೆಯಿಲ್ಲ. ಹೊಸತು ಬಂದಿದೆಯೆಂಬ ಕಾರಣಕ್ಕೆ ಹಳತನ್ನು ಕಿತ್ತುಹಾಕುವ ರೂಢಿ ಅದಕ್ಕಿಲ್ಲ. ದೀರ್ಘಕಾಲ ಒಂದೇ ಕೃತಿಯೊಂದಿಗೆ ಬಾಳಬೇಕಾದ ಸಂಪಾದಕನ ಮನೋಧರ್ಮಕ್ಕೆ ಇಂಥ ವ್ಯವಸ್ಥೆ ಒಗ್ಗುತ್ತದೆ. ಐದು ವರ್ಷದ ಸಂಶೋಧನೆಯ ನಡುವೆ ಅಕ್ಷರಗಳ ಆಕಾರ ತಾನಾಗಿ ಬದಲಾಗುವುದನ್ನು ಯಾರೂ ಬಯಸರು.

ಆದರೆ ಈ ನಿಧಾನಕ್ಕೆ ತೆರಬೇಕಾದ ಬೆಲೆಯೂ ಇದೆ. ಹಳೆಯ ಕನ್ನಡ ಬರಹದಲ್ಲಿ ಸ್ವರವಿಲ್ಲದ ನಕಾರಕ್ಕೆ ‘ನಕಾರಪೊಲ್ಲು’ ಎಂಬ ಪ್ರತ್ಯೇಕ ರೂಪವೊಂದಿತ್ತು. ಇಂದಿನ ‘ನ್’ ಅದರ ಸ್ಥಾನವನ್ನು ಆಕ್ರಮಿಸಿದೆ. ಈ ರೂಪಕ್ಕೆ ಯುನಿಕೋಡ್‌ನಲ್ಲಿ ಸ್ಥಾನ ದೊರೆತದ್ದು 14.0 ಆವೃತ್ತಿಯಲ್ಲಿ, 2021ರ ಸೆಪ್ಟೆಂಬರ್ 14ರಂದು. ಡೆಬಿಯನ್‌ನ 11ನೆಯ ಆವೃತ್ತಿ ಬಿಡುಗಡೆಯಾದದ್ದು ಅದಕ್ಕೆ ಸರಿಯಾಗಿ ಒಂದು ತಿಂಗಳು ಮೊದಲು, ಆಗಸ್ಟ್ 14ರಂದು. (ಆ ಎರಡು ದಿನಾಂಕಗಳ ನಡುವೆಯೇ, ಆಗಸ್ಟ್ ಕೊನೆಯಲ್ಲಿ, ನಮ್ಮ ಮೆಟ್ರೋ ನಾಯಂಡಹಳ್ಳಿಯನ್ನು ದಾಟಿ ಕೆಂಗೇರಿಯನ್ನು ಮುಟ್ಟಿತು, ಪಶ್ಚಿಮ ಬೆಂಗಳೂರಿನವರಿಗೆ ನೆನಪಿರುವುದು ಇದೊಂದೇ.) ಒಂದು ತಿಂಗಳ ಅಂತರದಿಂದಾಗಿ ಆ ಆವೃತ್ತಿಯೊಂದಿಗೆ ಬಂದ ಫಾಂಟ್‌ಗಳು ನಕಾರಪೊಲ್ಲನ್ನು ಬಲ್ಲವೆಂದು ನಿರೀಕ್ಷಿಸುವಂತಿರಲಿಲ್ಲ. ಮುಂದಿನ ಆವೃತ್ತಿ ಬಂದದ್ದು 2023ರ ಜೂನ್ 10ರಂದು. ಆ ಅಕ್ಷರವನ್ನು ಇಲ್ಲಿ (ೝ) ಅಚ್ಚಿಸಿದರೆ ಇಂದಿಗೂ ಕೆಲವು ಓದುಗರ ತೆರೆಯ ಮೇಲೆ ಖಾಲಿ ಚೌಕವೊಂದೇ ಕಾಣಬಹುದು.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಓಲೆಗರಿಯ ಪ್ರತಿಯೊಂದನ್ನು ಸಂಪಾದಿಸುತ್ತಿರುವ ಸಂಶೋಧಕಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಪ್ರತಿಯಲ್ಲಿರುವ ನಕಾರಪೊಲ್ಲನ್ನು ಇದ್ದಂತೆಯೇ ತೋರಿಸಬೇಕೆಂಬುದು ಅವರ ನಿಶ್ಚಯ. ಗಣಕವನ್ನು ಬಲ್ಲ ಗೆಳೆಯರೊಬ್ಬರು ‘ಲೋಹಿತ’ ಎಂಬ ಕನ್ನಡ ಫಾಂಟನ್ನು ತೆರೆದು, ಬೇಕಾದ ಆಕಾರವನ್ನು ಅದಕ್ಕೆ ಸೇರಿಸಿ, ಹಳೆಯ ಹೆಸರಿನಲ್ಲಿಯೇ ಪ್ಯಾಕೇಜು ಕಟ್ಟಿ ಪೆನ್‌ಡ್ರೈವಿನಲ್ಲಿ ಕೊಡುತ್ತಾರೆ. ಕೆಲಸ ನಡೆಯುತ್ತದೆ. ಅದನ್ನು ಮಾರ್ಗದರ್ಶಕರಿಗೂ ವಿಜಯನಗರದ ಡಿಟಿಪಿ ಅಂಗಡಿಗೂ ಕೊಟ್ಟದ್ದಾಯಿತು. ಎರಡು ವರ್ಷದ ಬಳಿಕ ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದಾಗ, ಅಧಿಕೃತ ‘ಲೋಹಿತ’ದ ಆವೃತ್ತಿಸಂಖ್ಯೆ ಹೆಚ್ಚಿನದಾಗಿದ್ದರೆ, ಗಣಕವು ಹೆಸರು ಒಂದೇ ಎಂಬ ನಂಬಿಕೆಯಿಂದ ಗೆಳೆಯರ ಪ್ರತಿಯನ್ನು ತೆಗೆದು ತನ್ನದನ್ನು ಕೂರಿಸುತ್ತದೆ. ಎಚ್ಚರಿಕೆಯ ಒಂದು ಮಾತೂ ಬರುವುದಿಲ್ಲ. ಪ್ರಬಂಧದ ನೂರಾರು ನಕಾರಪೊಲ್ಲುಗಳು ಚೌಕಗಳಾಗುತ್ತವೆ. ಇದಕ್ಕೆ ಅಂಜಿ ಗೆಳೆಯರು ಮೊದಲೇ ದೊಡ್ಡದೊಂದು ಸಂಖ್ಯೆಯನ್ನು ಕೊಟ್ಟಿದ್ದರೆ ಅನಾಹುತ ಇನ್ನೊಂದು ದಿಕ್ಕಿನಿಂದ ಬರುತ್ತಿತ್ತು: ಮೂಲ ಫಾಂಟಿನಲ್ಲಿ ಆದ ಯಾವ ತಿದ್ದುಪಡಿಯೂ ಆ ಗಣಕವನ್ನು ಮುಟ್ಟುತ್ತಿರಲಿಲ್ಲ. ತಪ್ಪು ಫಾಂಟಿನದಲ್ಲ, ಗೆಳೆಯರ ಕುಶಲತೆಯದೂ ಅಲ್ಲ. ಬೇರೆಯಾದ ವಸ್ತುವಿಗೆ ಬೇರೆ ಹೆಸರಿಡದೆ ಹೋದದ್ದೇ ತಪ್ಪು.

ಹೆಸರಿನ ಇಂಥ ಘರ್ಷಣೆ ಬೆಂಗಳೂರಿಗರಿಗೆ ಹೊಸತೇನಲ್ಲ. ‘4ನೇ ಬ್ಲಾಕ್’ ಎಂದಷ್ಟೇ ಬರೆದ ಲಕೋಟೆ ರಾಜಾಜಿನಗರಕ್ಕೆ ಹೋಗಬೇಕೋ ಜಯನಗರಕ್ಕೋ ತಿಳಿಯದು. ಬಸವೇಶ್ವರನಗರದಲ್ಲಾದರೆ ‘3ನೇ ಹಂತ, 4ನೇ ಬ್ಲಾಕ್’ ಎಂದು ಎರಡನ್ನೂ ಬರೆಯಬೇಕು. ವಿಜಯನಗರವಂತೂ ಬೆಂಗಳೂರಿನಲ್ಲೊಂದು, ಮೈಸೂರಿನಲ್ಲೊಂದು, ಈಗ ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡ ಜಿಲ್ಲೆಯೂ ಒಂದು. ಅಂಚೆಯವರು ನಗರ, ಹಂತ, ಬ್ಲಾಕು, ಮುಖ್ಯರಸ್ತೆ, ಅಡ್ಡರಸ್ತೆ ಎಂಬ ಕ್ರಮವನ್ನು ಬೇಡುವುದು ಹಟಕ್ಕಲ್ಲ. ಡೆಬಿಯನ್ ಬೇಡುವುದೂ ಅಷ್ಟನ್ನೇ.

ಅದರ ನಾಮಕರಣದ ನಿಯಮ ಕೇಳಲು ಕಠಿಣವಾಗಿದೆ. ಪ್ಯಾಕೇಜಿನ ಹೆಸರಿನಲ್ಲಿ ರೋಮನ್ ಲಿಪಿಯ ಚಿಕ್ಕ ಅಕ್ಷರಗಳು, ಅಂಕಿಗಳು, ಕೂಡಿಸುವ ಚಿಹ್ನೆ, ಅಡ್ಡಗೆರೆ ಮತ್ತು ಚುಕ್ಕಿ ಇಷ್ಟಕ್ಕೆ ಮಾತ್ರ ಅವಕಾಶ. ಮೊದಲಲ್ಲಿ ಅಕ್ಷರವೋ ಅಂಕಿಯೋ ಇರಬೇಕು, ಒಟ್ಟು ಎರಡಕ್ಕಿಂತ ಕಡಿಮೆ ಇರಕೂಡದು. ಕನ್ನಡ ಲಿಪಿಗೆ ಪ್ರವೇಶವಿಲ್ಲ. ಸಣ್ಣ ರೋಮನ್ ಅಕ್ಷರಗಳಲ್ಲಿ ‘ಕಲೆ’ಯೂ ‘ಕಳೆ’ಯೂ ಒಂದೇ ಕಾಗುಣಿತವಾಗಿಬಿಡುವುದರಿಂದ ಕನ್ನಡಿಗನಿಗೆ ಇಲ್ಲಿ ದೂರಲು ಕಾರಣವಿದೆ. ಕೇಶಿರಾಜನು ಕಾಪಾಡಲು ಹೆಣಗಿದ ‘ಳ’ ‘ೞ’ಗಳ ಭೇದ ಹಾಗಿರಲಿ, ‘ಲ’ ‘ಳ’ಗಳ ಭೇದವೇ ಉಳಿಯುವುದಿಲ್ಲ. ಆದರೂ ನಿಯಮದ ಆಶಯ ಬೇರೆ. ಯಾವ ದೇಶದ ಯಾವ ಕೀಲಿಮಣೆಯಿಂದಲೂ ಬರೆಯಲು ಬರುವ, ಎಲ್ಲೆಡೆ ಒಂದೇ ರೀತಿ ಓದಿಸಿಕೊಳ್ಳುವ ಗುರುತು ಅದಕ್ಕೆ ಬೇಕು. ವಿವರಣೆಯ ಭಾಗದಲ್ಲಿ ಕನ್ನಡವನ್ನು ಧಾರಾಳವಾಗಿ ಬರೆಯಬಹುದು. ಗುರುತಿನ ಚೀಟಿಯೇ ಬೇರೆ, ಪರಿಚಯದ ಮಾತೇ ಬೇರೆ.

ಹೆಸರಿನ ಪೂರ್ವಪದ ಯಾವ ಜಾತಿಯ ವಸ್ತುವೆಂಬುದನ್ನು ಸೂಚಿಸುತ್ತದೆ. ಕನ್ನಡದ ಮುಕ್ತ ಫಾಂಟ್‌ಗಳಿಗೆ ಅವುಗಳ ಕರ್ತೃಗಳು ಹೂವಿನ, ಹಕ್ಕಿಯ ಹೆಸರುಗಳನ್ನು ಇಟ್ಟಿದ್ದಾರೆ: ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು. ಕೇಳಲು ಸೊಗಸಾದ ಹೆಸರುಗಳು. ಆದರೆ ‘ಗುಬ್ಬಿ’ ಎಂದಷ್ಟೇ ಹೇಳಿದರೆ ಹಕ್ಕಿಯೋ, ತುಮಕೂರು ಜಿಲ್ಲೆಯ ಊರೋ, ಅಕ್ಷರರೂಪವೋ ತಿಳಿಯುವಂತಿಲ್ಲ. ಡೆಬಿಯನ್‌ನಲ್ಲಿ ಅದು ‘ಫಾಂಟ್ಸ್-ಗುಬ್ಬಿ’, ಕೈಬರಹದ ಚೆಲುವುಳ್ಳ ಇನ್ನೊಂದು ‘ಫಾಂಟ್ಸ್-ನವಿಲು’. ಚಂಪೂಕವಿಗಳು ತೀರ್ಥಂಕರರ ಹೆಸರಿಗೆ ‘ಪುರಾಣ’ವೆಂಬ ಪದವನ್ನು ಹತ್ತಿಸಿದಾಗ ನಡೆದದ್ದೂ ಇದೇ: ಶಾಂತಿ ಎಂಬುದು ವ್ಯಕ್ತಿನಾಮ, ಶಾಂತಿಪುರಾಣವೆಂಬುದು ಗ್ರಂಥನಾಮ.

ಇನ್ನು ಭಾಷೆ ಮತ್ತು ಲಿಪಿಗಳ ಸಂಕೇತ. ‘ಕೆಎನ್’ ಮತ್ತು ‘ಕೆಎಎನ್’ ಎಂಬವು ಕನ್ನಡ ಭಾಷೆಯ ಅಂತಾರಾಷ್ಟ್ರೀಯ ಸಂಕೇತಗಳು. ‘ಕೆಎನ್‌ಡಿಎ’ ಎಂಬುದು ಕನ್ನಡ ಲಿಪಿಯದು. ಆಸ್ಪೆಲ್ ಎಂಬ ಕಾಗುಣಿತ ಪರೀಕ್ಷಕದ ಕನ್ನಡ ಪ್ಯಾಕೇಜಿಗೆ ಭಾಷೆಯ ಸಂಕೇತವೂ, ಲೋಹಿತ ಫಾಂಟಿನ ಪ್ಯಾಕೇಜಿಗೆ ಲಿಪಿಯ ಸಂಕೇತವೂ ಸೇರಿಕೊಂಡಿವೆ. ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ಟೆಸರಾಕ್ಟ್ ತಂತ್ರಾಂಶಕ್ಕಂತೂ ಎರಡು ಬೇರೆ ಬೇರೆ ಪ್ಯಾಕೇಜುಗಳು ಇವೆ, ಒಂದು ಭಾಷೆಗೆ, ಒಂದು ಲಿಪಿಗೆ. ಇದು ಅನಗತ್ಯ ಸೂಕ್ಷ್ಮವೆಂದು ತೋರಿದರೆ ಮೂಡುಬಿದಿರೆಯ ಧವಲಾ ಓಲೆಗಳನ್ನು ನೆನೆಯಬೇಕು. ಲಿಪಿ ಹಳಗನ್ನಡದ್ದು, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಅವುಗಳಿಗಾಗಿ ತಯಾರಿಸಿದ ಅಕ್ಷರಗ್ರಾಹಿಯನ್ನು ಭಾಷಾಸಂಕೇತದಿಂದ ಹೆಸರಿಸಿದರೆ, ಅದನ್ನು ಪಡೆದವರು ಕನ್ನಡದ ಪದಕೋಶದ ಆಧಾರದಿಂದ ಪ್ರಾಕೃತ ಸೂತ್ರಗಳನ್ನು ‘ತಿದ್ದಲು’ ಹೊರಡುತ್ತಾರೆ. ತುಳು, ಕೊಂಕಣಿ, ಕೊಡವ ಪಠ್ಯಗಳಿಗೂ ಈ ಮಾತು ಸಲ್ಲುತ್ತದೆ. ಕನ್ನಡ ಲಿಪಿಯಲ್ಲಿರುವುದೆಲ್ಲ ಕನ್ನಡವಲ್ಲವೆಂಬುದನ್ನು ಜೈನಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹೆಸರು ಬದಲಿಸಬೇಕಾಗಿ ಬಂದಾಗ ಈ ವ್ಯವಸ್ಥೆ ಅನುಸರಿಸುವ ಕ್ರಮವೂ ಗಮನಾರ್ಹ. ಹಿಂದೆ ಫಾಂಟ್ ಪ್ಯಾಕೇಜುಗಳ ಹೆಸರು ‘ಟಿಟಿಎಫ್’ ಎಂಬ ಕಡತಪ್ರಕಾರದಿಂದ ಆರಂಭವಾಗುತ್ತಿತ್ತು. ಅದನ್ನು ಬಿಟ್ಟು ‘ಫಾಂಟ್ಸ್’ ಎಂದು ಮಾಡಿದರು. ಇಂಥ ಸಂದರ್ಭಗಳಲ್ಲಿ ಹಳೆಯ ಹೆಸರನ್ನು ಒಮ್ಮೆಲೇ ಅಳಿಸುವುದಿಲ್ಲ. ಒಳಗೆ ಏನೂ ಇಲ್ಲದ, ಹೊಸ ಹೆಸರಿನತ್ತ ಬೆರಳು ತೋರುವ ಪ್ಯಾಕೇಜೊಂದನ್ನು ಕೆಲಕಾಲ ಇರಿಸುತ್ತಾರೆ. ಗ್ರಂಥಾಲಯದ ಸೂಚಿಯಲ್ಲಿ ‘ವಿಕ್ರಮಾರ್ಜುನವಿಜಯ: ಪಂಪಭಾರತವನ್ನು ನೋಡಿ’, ‘ಸಾಹಸಭೀಮವಿಜಯ: ಗದಾಯುದ್ಧವನ್ನು ನೋಡಿ’ ಎಂದು ಬರೆದಿಡುವ ಚೀಟಿಯ ಕೆಲಸವನ್ನೇ ಅದು ಮಾಡುತ್ತದೆ. ಕವಿ ಇಟ್ಟ ಹೆಸರೂ ಓದುಗರು ಕರೆದ ಹೆಸರೂ ಒಂದೇ ಕೃತಿಗೆ ಕರೆದೊಯ್ಯಬೇಕು.

ಸ್ವಂತಕ್ಕೆ ಮಾಡಿಕೊಂಡ ಪ್ಯಾಕೇಜಿನಲ್ಲಿ ಹೆಸರು ಮೂರು ಕಡೆ ನೆಲೆಸಿರುತ್ತದೆಂಬುದನ್ನು ಮರೆಯುವವರೇ ಹೆಚ್ಚು. ಪ್ಯಾಕೇಜಿನ ಹೆಸರು ಒಂದು, ಅದು ಡಿಸ್ಕಿನ ಮೇಲೆ ಇರಿಸುವ ಕಡತದ ಹೆಸರು ಇನ್ನೊಂದು, ಫಾಂಟಿನ ಒಡಲೊಳಗೆ ಬರೆದಿರುವ ಕುಲನಾಮ ಮತ್ತೊಂದು. ಓಲೆಕಟ್ಟಿನಲ್ಲಿಯೂ ಹೀಗೆಯೇ: ಭಂಡಾರದ ಕ್ರಮಾಂಕ, ಮೇಲಿನ ಹಲಗೆಯ ಮೇಲಿನ ಬರಹ, ಕೊನೆಯ ಗರಿಯ ಪುಷ್ಪಿಕೆ. ಮೂರರಲ್ಲಿ ಒಂದು ಹೊಂದದಿದ್ದರೂ ಸೂಚಿಕಾರ ದಾರಿತಪ್ಪುತ್ತಾನೆ. ಮೊದಲಿನದನ್ನು ಬದಲಿಸಿ ಎರಡನೆಯದನ್ನು ಹಾಗೆಯೇ ಬಿಟ್ಟರೆ, ಬೇರೊಂದು ಪ್ಯಾಕೇಜಿಗೆ ಸೇರಿದ ಕಡತದ ಮೇಲೆ ಬರೆಯಲಾರೆನೆಂದು ಡೆಬಿಯನ್ ನಿರಾಕರಿಸಿ ಅಲ್ಲಿಗೇ ನಿಲ್ಲುತ್ತದೆ. ಅದು ಉಪಕಾರವೇ. ಮೂರನೆಯದನ್ನು ಬಿಟ್ಟರೆ ಮಾತ್ರ ತಡೆಯುವವರಿಲ್ಲ. ಒಂದೇ ಕುಲನಾಮದ ಎರಡು ಫಾಂಟ್‌ಗಳು ಒಟ್ಟಿಗೆ ಕುಳಿತು, ಪುಟದ ಮೇಲೆ ಯಾವುದು ಮೂಡಿತೆಂಬುದು ಓದುಗನಿಗೂ ಸಂಪಾದಕನಿಗೂ ತಿಳಿಯದೆ ಹೋಗುತ್ತದೆ. ಅನೇಕ ಮುಕ್ತ ಫಾಂಟ್‌ಗಳು ಹೊತ್ತಿರುವ ಓಎಫ್‌ಎಲ್ ಪರವಾನಗಿ ಈ ಅಪಾಯವನ್ನು ಮುಂಗಂಡಿದೆ. ಮೂಲಕರ್ತನು ತನ್ನ ಹೆಸರನ್ನು ಕಾಯ್ದಿರಿಸಿದ್ದರೆ, ತಿದ್ದಿದವನು ಆ ಹೆಸರಿನಿಂದ ತನ್ನ ರೂಪವನ್ನು ಹೊರತರುವಂತಿಲ್ಲ. ತಿದ್ದಲು ಪೂರ್ಣ ಸ್ವಾತಂತ್ರ್ಯ, ಹಂಚಲು ಪೂರ್ಣ ಸ್ವಾತಂತ್ರ್ಯ. ಆದರೆ ಇನ್ನೊಬ್ಬರ ಹೆಸರಿನಲ್ಲಿ ಅಲ್ಲ. ಪಾಠಾಂತರಗಳನ್ನು ಕೊಡುವಾಗ ‘ಕ’ ಪ್ರತಿಯ ಪಾಠವನ್ನು ತಿದ್ದಿ, ತಿದ್ದಿದ್ದನ್ನೂ ‘ಕ’ ಎಂದೇ ಸೂಚಿಸುವ ಸಂಪಾದಕನನ್ನು ಯಾವ ವಿದ್ವಾಂಸನೂ ಕ್ಷಮಿಸಲಾರ.

ಆವೃತ್ತಿಸಂಖ್ಯೆಯ ವಿಷಯದಲ್ಲಿ ಡೆಬಿಯನ್‌ನಲ್ಲಿ ಒಂದು ಸುಂದರವಾದ ಏರ್ಪಾಡಿದೆ. ಅಲೆಯಂತಿರುವ ‘~’ ಚಿಹ್ನೆಯನ್ನು ಸಂಖ್ಯೆಯ ಕೊನೆಗೆ ಸೇರಿಸಿದರೆ ಆ ಸಂಖ್ಯೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. 2.5ಕ್ಕಿಂತ ‘2.5~1’ ಚಿಕ್ಕದು. ‘+’ ಸೇರಿಸಿದರೆ ದೊಡ್ಡದು. ಅಧಿಕೃತ ಭಂಡಾರಕ್ಕೆ ಇನ್ನೂ ಬಾರದಿರುವ 2.5ನ್ನು ಸಂಶೋಧಕನೊಬ್ಬ ತಾನೇ ಕಟ್ಟಿಕೊಂಡು ಅಲೆಚಿಹ್ನೆಯೊಂದಿಗೆ ಹಂಚಿದನೆನ್ನೋಣ. ಮುಂದೆ ಅಧಿಕೃತ 2.5 ಬಂದ ದಿನ ಅವನ ಪ್ಯಾಕೇಜು ತಾನಾಗಿ ಬದಿಗೆ ಸರಿದು ದಾರಿ ಬಿಡುತ್ತದೆ. ಹಳೆಯ ಸ್ಟೇಬಲ್‌ಗಾಗಿ ಹೊಸ ತಂತ್ರಾಂಶವನ್ನು ಹಿಂದಕ್ಕೆ ತಂದುಕೊಡುವ ಡೆಬಿಯನ್‌ನ ‘ಬ್ಯಾಕ್‌ಪೋರ್ಟ್ಸ್’ ವಿಭಾಗವೂ ತನ್ನ ಪ್ಯಾಕೇಜುಗಳಿಗೆ ಇದೇ ಚಿಹ್ನೆಯನ್ನು ಹಾಕುತ್ತದೆ. ಆಯ್ಕೆ ಇಲ್ಲಿಯೇ ಸ್ಪಷ್ಟವಾಗಬೇಕು. ತಾತ್ಕಾಲಿಕವಾಗಿ ಕೊರತೆ ತುಂಬುವುದಷ್ಟೇ ಉದ್ದೇಶವಾದರೆ ಮೂಲದ ಹೆಸರೂ ಅಲೆಚಿಹ್ನೆಯೂ ಸರಿ. ವಸ್ತುವಿನ ಸ್ವರೂಪವನ್ನೇ ಬದಲಿಸಿದ್ದರೆ, ನಕಾರಪೊಲ್ಲಿನಂಥ ಅಕ್ಷರವನ್ನು ಸೇರಿಸಿದ್ದರೆ, ಹೊಸ ಹೆಸರೇ ಬೇಕು. ಇವೆರಡನ್ನು ಕಲಸುವುದರಿಂದಲೇ ಮೇಲೆ ಊಹಿಸಿದ ಅನಾಹುತ.

ಹಂಚಿಕೆಯ ಮಾತಿಗೆ ಬಂದರೆ ಜೈನಪರಂಪರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಗ್ರಂಥದ ಪ್ರತಿ ಮಾಡಿಸಿ ಕೊಡುವುದೂ ಒಂದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಪ್ರತಿಯೊಂದು ಸಾಹಿತ್ಯಚರಿತ್ರೆಯೂ ಕೊಂಡಾಡುತ್ತದೆ. ಮುಕ್ತ ತಂತ್ರಾಂಶವನ್ನು ಕುರಿತ ಕನ್ನಡದ ಉಪನ್ಯಾಸಗಳಲ್ಲಿ ಆಕೆಯನ್ನು ಎಳೆದುತರಲು ಯಾರಿಗಾದರೂ ಆಸೆಯಾದೀತು. ಹೋಲಿಕೆ ಸುಲಭ, ಆದರೆ ಅರ್ಧ. 1000 ಎಂಬ ಸಂಖ್ಯೆ ಔದಾರ್ಯವನ್ನು ಹೇಳುತ್ತದೆ. ಯಾವ ಮೂಲದಿಂದ, ಯಾರ ಕೈಯಲ್ಲಿ, ಯಾರು ನೋಡಿ ತಿದ್ದಿದ ಪ್ರತಿ ಎಂಬುದನ್ನು ಹೇಳುವುದು ಪುಷ್ಪಿಕೆ. ಧವಲಾ ಪ್ರತಿಯ ಪ್ರಶಸ್ತಿಯಿಂದ, ಅದನ್ನು ದೇಮಿಯಕ್ಕ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ತಿಳಿದುಬರುತ್ತದೆ. ಇಷ್ಟು ಗೊತ್ತಿರುವುದರಿಂದಲೇ ಆ ಓಲೆಗಳ ಕಾಲವನ್ನೂ ನೆಲೆಯನ್ನೂ ಚರ್ಚಿಸಲು ಸಾಧ್ಯವಾಯಿತು. ಡೆಬಿಯನ್ ಪ್ಯಾಕೇಜಿನ ಮೂಲದಲ್ಲಿ ‘ಚೇಂಜ್‌ಲಾಗ್’ ಎಂಬ ಕಡತ ಕಡ್ಡಾಯ. ಪ್ರತಿ ಆವೃತ್ತಿಯಲ್ಲಿ ಏನು ಬದಲಾಯಿತೆಂದು ಬರೆದು, ಬದಲಿಸಿದವರ ಹೆಸರು, ಮಿಂಚಂಚೆ ವಿಳಾಸ, ದಿನ, ವೇಳೆಗಳೊಂದಿಗೆ ಮುಗಿಸಬೇಕು. ಅದನ್ನು ಪುಷ್ಪಿಕೆಯೆಂದು ಕರೆಯಲು ಅಡ್ಡಿಯಿಲ್ಲ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟುವ ‘ಹೊಸದು’, ‘ಫೈನಲ್’, ‘ಫೈನಲ್ 2’ ಎಂಬ ಹೆಸರಿನ ಕಡತಗಳಿಗೆ ಇಲ್ಲದಿರುವುದು ಇದೇ.

ಧವಲಾದ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಶತಮಾನಗಳ ಕಾಲ ಆ ಓಲೆಗಳು ಮೂಡುಬಿದಿರೆಯ ಬಸದಿಯಲ್ಲಿ ದರ್ಶನಕ್ಕಷ್ಟೇ ಲಭ್ಯವಿದ್ದವು. ಸಂಪ್ರದಾಯಶೀಲ ಭಂಡಾರವೆಂದರೆ ಅದು. 19ನೆಯ ಶತಮಾನದ ಕೊನೆಗೆ ಪ್ರತಿಲಿಪಿಯ ಕಾರ್ಯ ಆರಂಭವಾದಾಗ ಅದರಲ್ಲಿ ತೊಡಗಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿ ಪ್ರತಿಗಳಾಗಿ ಕವಲೊಡೆಯಿತು. ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟವನ್ನು ಹೊರತಂದದ್ದು ಇಂಥ ಪ್ರತಿಯ ಪ್ರತಿಗಳ ಆಧಾರದಿಂದ. ಗುಟ್ಟಿನ ಆ ಪ್ರತಿ ಇಲ್ಲದಿದ್ದರೆ ಸಿದ್ಧಾಂತಗ್ರಂಥವನ್ನು ಲೋಕ ಇನ್ನೆಷ್ಟು ಕಾಲ ಕಾಯಬೇಕಿತ್ತೋ. ಆದರೆ ಆ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಇರಲಿಲ್ಲ. ಅದು ಇರಬೇಕೆಂದು ಸಂದರ್ಭದಿಂದ ಊಹಿಸಿ ಅವರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಯರ ಗುಣಸ್ಥಾನವನ್ನು ಕುರಿತ ಸೂತ್ರವಾದುದರಿಂದ ಒಂದು ಪದದ ಇರವು ಇಲ್ಲದಿರವಿನ ಸುತ್ತ ವರ್ಷಗಟ್ಟಲೆ ವಾದ ಎದ್ದಿತು. ಮೂಡುಬಿದಿರೆಯ ಓಲೆಗಳನ್ನು ನೋಡಿದಾಗ ಆ ಪದ ಅಲ್ಲಿತ್ತು.

ಮುಚ್ಚಿಡುವ ಭಂಡಾರವನ್ನೂ ಕದ್ದೊಯ್ಯುವ ಪ್ರತಿಯನ್ನೂ ಈ ಪ್ರಸಂಗದಲ್ಲಿ ಬೇರೆ ಬೇರೆಯಾಗಿ ದೂಷಿಸುವವರಿದ್ದಾರೆ. ಗಮನಿಸಬೇಕಾದ ಅಂಶ ಬೇರೆಯೇ. ಬಿಟ್ಟುಹೋದ ಪದವನ್ನು ಮರಳಿ ಪಡೆಯಲಾದದ್ದು ಯಾವ ಪ್ರತಿ ಯಾವುದರಿಂದ ಇಳಿದು ಬಂತೆಂಬುದು ತಿಳಿದಿದ್ದುದರಿಂದ. ಮುದ್ರಿತ ಸಂಪುಟ ತಾನೇ ಮೂಲವೆಂದು ಹೇಳಿಕೊಳ್ಳಲಿಲ್ಲ. ತನ್ನ ಆಧಾರಗಳನ್ನು ತೋರಿಸಿತು, ಸಂಶಯವನ್ನು ಸಂಶಯವೆಂದೇ ಅಚ್ಚಿಸಿತು. ಸ್ವಂತಕ್ಕೆ ಮಾಡಿಕೊಂಡ ಪ್ಯಾಕೇಜನ್ನು ಹಂಚುವವರಿಂದ ಬಯಸುವುದೂ ಇಷ್ಟನ್ನೇ.

ಕನ್ನಡದ ಬಹುಪಾಲು ಸಂಶೋಧಕರು ಡೆಬಿಯನ್ ಬಳಸುವುದೇ ಇಲ್ಲ, ಅವರಿಗೆ ಇದೆಲ್ಲ ಏತಕ್ಕೆಂಬ ಆಕ್ಷೇಪ ಬರಬಹುದು. ನಿಜವೇ. ಆದರೆ ಹೆಸರಿನ ಅರಾಜಕತೆಯಿಂದ ಅವರು ಈಗಾಗಲೇ ನೊಂದಿದ್ದಾರೆ. ಯುನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಬೆರಳಚ್ಚಾದ ಎಷ್ಟು ಪ್ರಬಂಧಗಳು ಇಂದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತವೆಂಬುದನ್ನು ಯಾವ ಕನ್ನಡ ವಿಭಾಗವೂ ಹೇಳೀತು. ಯಾವ ಫಾಂಟು, ಅದರ ಯಾವ ಆವೃತ್ತಿ ಎಂಬುದನ್ನು ಕಡತದೊಂದಿಗೆ ಬರೆದಿಟ್ಟಿದ್ದರೆ ಪರಿವರ್ತನೆಯ ಕೆಲಸ ಇಷ್ಟು ಕಷ್ಟವಾಗುತ್ತಿರಲಿಲ್ಲ. ಆಗಾಗ ಹೊಸತಾಗುವ ವ್ಯವಸ್ಥೆಯನ್ನೇ ಬಳಸಿದರೆ ಸ್ವಂತ ಪ್ಯಾಕೇಜಿನ ಗೊಡವೆಯೇ ಇರದೆಂಬ ಇನ್ನೊಂದು ವಾದವೂ ಇದೆ. ಅದು ಹೊಸ ಅಕ್ಷರ ಬೇಗ ಬರಲೆಂದು ಬಯಸುವವರ ವಾದ. ಬಂದದ್ದು ಹತ್ತು ವರ್ಷ ಹಾಗೆಯೇ ಉಳಿಯಲೆಂದು ಬಯಸುವವರಿಗೆ ಒಪ್ಪಿಗೆಯಾಗದು. ನಿಧಾನದ ವ್ಯವಸ್ಥೆಯನ್ನು ಆರಿಸಿಕೊಂಡವರು ಅದರ ಅಂಚಿನಲ್ಲಿ ತಮ್ಮದೊಂದನ್ನು ಕಟ್ಟಲೇಬೇಕಾಗುತ್ತದೆ.

ಸರಿಯಾಗಿ ನೆಟ್ಟ ಹೆಸರು ಎಷ್ಟು ದೂರ ಹಬ್ಬಬಲ್ಲದೆಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲಕ್ಷರಗಳಿಂದ ‘ಕಗಪ’ ಎಂದು ಕರೆಸಿಕೊಳ್ಳುವ ಕೀಲಿಮಣೆ ವಿನ್ಯಾಸ ಇಂದು ಲಿನಕ್ಸ್ ಗಣಕಗಳ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಎದುರು ಮಾತ್ರವಲ್ಲ, ಹಿಂದಿ, ಸಂಸ್ಕೃತ, ಮರಾಠಿ, ತೆಲುಗುಗಳ ಎದುರೂ ಕಾಣುತ್ತದೆ. ವಾರಾಣಸಿಯಲ್ಲಿ ಸಂಸ್ಕೃತ ಬೆರಳಚ್ಚಿಸುವವನೊಬ್ಬ ಆ ಮೂರಕ್ಷರಗಳ ಅರ್ಥವನ್ನರಿಯದೆಯೇ ಅದನ್ನು ಆರಿಸಿಕೊಳ್ಳಬಹುದು. ಭಾಷೆಯ ಸಂಕೇತ ಮೊದಲು, ವಿನ್ಯಾಸದ ಹೆಸರು ಆಮೇಲೆ ಎಂಬ ಕ್ರಮದಲ್ಲಿ ಅದು ದಾಖಲಾಗಿರುವುದರಿಂದ ಐದು ಭಾಷೆಗಳಲ್ಲಿಯೂ ಘರ್ಷಣೆಯಿಲ್ಲ.

ನಕಾರಪೊಲ್ಲಿಗೆ ಇಂಥ ಅದೃಷ್ಟ ಒದಗಬೇಕಾದರೆ ಯಾವುದಾದರೊಂದು ಕನ್ನಡ ವಿಭಾಗ, ಅದು ಜ್ಞಾನಭಾರತಿಯದೇ ಆಗಬಹುದು, ಪ್ರಬಂಧಗಳ ಅಗತ್ಯಕ್ಕೆಂದು ಒಂದು ಫಾಂಟನ್ನು ಹೊಸ ಕುಲನಾಮದಲ್ಲಿ, ‘ಫಾಂಟ್ಸ್’ ಪೂರ್ವಪದದೊಂದಿಗೆ, ಲಿಪಿಯ ಸಂಕೇತವನ್ನು ಸೇರಿಸಿ ಕಟ್ಟಿಸಬೇಕು. ಹೆಸರು ಗೊತ್ತುಮಾಡುವ ಮೊದಲು, ಪ್ಯಾಕೇಜು ಕಟ್ಟುವ ಉದ್ದೇಶವನ್ನು ಬಹಿರಂಗವಾಗಿ ನೋಂದಾಯಿಸುವ ಡೆಬಿಯನ್‌ನ ಪದ್ಧತಿಯನ್ನು ಅನುಸರಿಸಿದರೆ ಬೇರೆಯವರು ಅದೇ ಹೆಸರನ್ನು ಹಿಡಿದಿರುವುದು ಮುಂಚೆಯೇ ತಿಳಿದೀತು. ಚೇಂಜ್‌ಲಾಗಿನ ಮೊದಲ ನಮೂದಿನಲ್ಲಿ ಆ ಆಕಾರವನ್ನು ಯಾವ ಭಂಡಾರದ ಯಾವ ಓಲೆಯನ್ನು ನೋಡಿ ಬಿಡಿಸಲಾಯಿತು, ಗರಿಯ ಯಾವ ಪಕ್ಕದಲ್ಲಿ ಎಷ್ಟನೆಯ ಸಾಲಿನಿಂದ ಎತ್ತಿಕೊಳ್ಳಲಾಯಿತು ಎಂಬುದನ್ನೂ ಬರೆದಿಡಬೇಕು.